ರಾಕ್ ಶೋವನ್ನು ಹಸಿಯಾಗಿ ಹಿಡಿಯುವುದು: ಮೈಕ್ ಎಲ್ಲಿ, ಲೆವೆಲ್ ಎಷ್ಟು

ಬಯಲಾಟದ ಹಳೆಯ ಕ್ಯಾಸೆಟ್ ಕೇಳಿದ ಕಿವಿಗೆ ಹಸಿ ರೆಕಾರ್ಡಿಂಗ್‌ನ, ಅಂದರೆ ನಡೆದದ್ದನ್ನು ನಡೆದ ಹಾಗೇ ಹಿಡಿದು ಆಮೇಲೆ ಎಡಿಟ್ ಮಾಡದೆ ಬಿಟ್ಟದ್ದರ ರುಚಿ ಬಿಡಿಸಿ ಹೇಳಬೇಕಾಗಿಲ್ಲ. ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲದ ಕಡೆ ಇನ್ನೂ ಅಂಥ ಕ್ಯಾಸೆಟ್ ಇಟ್ಟುಕೊಂಡವರಿದ್ದಾರೆ. ಚೆಂಡೆಯ ಪೆಟ್ಟು ಬಿದ್ದಾಗ ಟೇಪಿನ ಸದ್ದು ಒಡೆದಿರುತ್ತದೆ, ಭಾಗವತರು ಶ್ರುತಿ ಹೊಂದಿಸಿಕೊಳ್ಳುವುದು ಕೇಳುತ್ತದೆ, ಎಲ್ಲಿಯೋ ಮಗು ಅಳುತ್ತದೆ. ಆದರೂ ಅದೇ ಪ್ರಸಂಗದ ಸ್ಟುಡಿಯೋ ಸಿಡಿ ಬದಿಗೆ ಹೋಗುತ್ತದೆ, ಕ್ಯಾಸೆಟ್ಟೇ ಬೇಕಾಗುತ್ತದೆ. ರಾಕ್‌ನಲ್ಲೂ ಲೆಕ್ಕ ಬೇರೆ ಅಲ್ಲ. ಹುಮ್ಮಸ್ಸಿಗೆ ಡ್ರಮ್ಮರ್ ಲಯ ಓಡಿಸುತ್ತಾನೆ, ಲೈಟಿನ ಬಿಸಿಗೆ ಗಿಟಾರಿನ ತಂತಿಯ ಶ್ರುತಿ ಕೂದಲೆಳೆಯಷ್ಟು ಇಳಿಯುತ್ತದೆ, ಹಾಡಿನ ನಡುವೆ ಆಂಪ್ (ಗಿಟಾರಿನ ಸದ್ದು ಏರಿಸುವ ಪೆಟ್ಟಿಗೆ) ಸುಮ್ಮನೆ ಗುಂಯ್ ಅನ್ನುತ್ತಿರುತ್ತದೆ. 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲ್‌ನಲ್ಲಿ ‘ದಿ ಹೂ’ ಬ್ಯಾಂಡ್ ನುಡಿಸಿದ್ದು ರೆಕಾರ್ಡ್ ಆಗಿ ಬಂದಾಗ ಅದರ ಲೇಬಲ್ ಮೇಲೆಯೇ ಚಟಪಟ ಸದ್ದು ಇದೆ, ಸರಿಮಾಡಬೇಡಿ ಅಂತ ಬರೆದಿತ್ತು. 1972ರ ಆಗಸ್ಟ್‌ನಲ್ಲಿ ಒಸಾಕಾ, ಟೋಕಿಯೋದಲ್ಲಿ ಡೀಪ್ ಪರ್ಪಲ್ ಬ್ಯಾಂಡ್ ನುಡಿಸಿದ ಮೂರು ರಾತ್ರಿಗಳಿಂದ ರೆಕಾರ್ಡಿಗೆ ಹಾಡು ಆರಿಸಿದರೇ ಹೊರತು ಆಮೇಲೆ ಸ್ಟುಡಿಯೋದಲ್ಲಿ ಏನನ್ನೂ ಸೇರಿಸಲಿಲ್ಲ.

ಎಡಿಟ್ ಮಾಡುವುದಿಲ್ಲ ಅಂದರೆ ಕೆಲಸ ಕಡಿಮೆ ಅಂತ ಅಲ್ಲ. ಕೆಲಸವೆಲ್ಲ ಮೊದಲ ಹಾಡು ಸುರುವಾಗುವ ಮೊದಲೇ ಮುಗಿದಿರಬೇಕು, ಅಷ್ಟೇ.

ಮೊದಲು ಬ್ಯಾಂಡ್‌ನವರ ಒಪ್ಪಿಗೆ. ಸಂಘಟಕರು ಹ್ಞೂಂ ಅಂದರೆ ಸಾಲದು, ಹಾಡುವವರದ್ದೇ ಬೇಕು. ಸೌಂಡ್‌ನವರ ಹತ್ತಿರ ಜಾಗದ ಮಾತು ಆಗಲೇ ಆಡಿಬಿಡಿ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಬ್ಯಾಂಡ್ 1984ರಲ್ಲಿ ರೆಕಾರ್ಡ್ ಮಾಡುವವರಿಗೆ ಸೌಂಡ್‌ನವರ ಮಿಕ್ಸರ್‌ನ ಹಿಂದೆ ಬೇರೆಯೇ ಜಾಗ ಕೊಟ್ಟಿತ್ತು. ಮೈಕ್ ಸ್ಟ್ಯಾಂಡ್‌ಗಳ ಕಾಡು ಉಳಿದವರ ಕಣ್ಣಿಗೆ ಅಡ್ಡ ಬರಬಾರದು ಅಂತ. ಸ್ಟ್ಯಾಂಡ್ ನೆಡುವಾಗ ಹಿಂದೆ ಕುಳಿತವರ ನೆನಪು ನಮಗೂ ಇರಲಿ.

ನಾನು ಬಳಸುವುದು ಎರಡು ಕಾರ್ಡಿಯಾಯ್ಡ್ (ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ) ಕಂಡೆನ್ಸರ್ ಮೈಕ್, ಒಂದು ಅಡ್ಡಪಟ್ಟಿ, ಬ್ಯಾಟರಿಯ ರೆಕಾರ್ಡರ್. ಮೈಕ್‌ಗಳ ತುದಿ 17 ಸೆಂಟಿಮೀಟರ್ ದೂರ, ನಡುವೆ 110 ಡಿಗ್ರಿ ಕೋನ; ಇದಕ್ಕೆ ಓಆರ್‌ಟಿಎಫ್ ಅನ್ನುತ್ತಾರೆ. ಎರಡು ಕಿವಿಯ ಅಂತರಕ್ಕೆ ಇದು ಹತ್ತಿರ, ಹೆಡ್‌ಫೋನ್‌ನಲ್ಲಿ ಹಾಲ್ ಬಿಚ್ಚಿಕೊಳ್ಳುತ್ತದೆ. ರೆಕಾರ್ಡರ್‌ನಲ್ಲೇ ಇರುವ ಎಕ್ಸ್‌ವೈ ಮೈಕ್ (ತುದಿ ಒಂದೇ ಕಡೆ ಸೇರಿದ ಜೋಡಿ) ಸಾಲದೆ ಅಂದರೆ, ಧಾರಾಳ ಸಾಕು. ಜಾಗ ಸರಿಯಿದ್ದರೆ ಸಾದಾ ಮೈಕ್ ಗೆಲ್ಲುತ್ತದೆ, ಜಾಗ ತಪ್ಪಿದರೆ ಲಕ್ಷದ ಮೈಕ್ ಕೂಡ ಸೋಲುತ್ತದೆ.

ಜಾಗ ಅಂದರೆ ಎಲ್ಲಿ? ಬಯಲಿನಲ್ಲಾದರೆ ಮಿಕ್ಸರ್‌ನ ಹತ್ತಿರ, ವೇದಿಕೆಯಿಂದ ಎಂಟು ಹತ್ತು ಮೀಟರ್, ಎತ್ತರ ಎರಡೂವರೆ ಮೀಟರ್‌ಗೆ ಮೇಲೆ. ತಲೆಗಳ ಮಟ್ಟದಲ್ಲಿ ಇಟ್ಟರೆ ಪಕ್ಕದವನ ಶಿಳ್ಳೆ ಹಾಡುಗಾರನಿಗಿಂತ ಮುಂದೆ ನಿಲ್ಲುತ್ತದೆ. ಸರಿಯಾಗಿ ನಟ್ಟನಡುವೆ ಬೇಡ. ಎಡಬಲದ ಸಬ್‌ವೂಫರ್‌ಗಳ (ತಗ್ಗು ಸದ್ದಿನ ದೊಡ್ಡ ಸ್ಪೀಕರ್‌ಗಳ) ಬಾಸ್ ನಡುಗೆರೆಯ ಮೇಲೆ ಒಟ್ಟುಗೂಡಿ ಉಬ್ಬುತ್ತದೆ. ಒಂದು ಒಂದೂವರೆ ಮೀಟರ್ ಬದಿಗೆ ಸರಿದರೆ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಬೇರೆ, ಬಾಸ್ ಗಿಟಾರ್ ಬೇರೆ ಕೇಳುತ್ತದೆ. ಹಿಂದಿನ ಗೋಡೆಗೆ ಒರಗಿಸಿದರೂ ಅದೇ ಉಬ್ಬರ.

ನಮ್ಮ ಕಡೆ ತಲೆನೋವು ಶೀಟಿನ ಮಾಡು. ಕಾಲೇಜಿನ ಸಭಾಂಗಣ, ಶೀಟ್ ಹಾಕಿದ ಮಂಟಪ, ಯಾವುದಾದರೂ ಸರಿ, ಸ್ನೇರ್‌ನ (ಡ್ರಮ್ ಸೆಟ್ಟಿನ ಚುರುಕು ಸದ್ದಿನ ಡ್ರಮ್) ಒಂದು ಪೆಟ್ಟು ನಾಲ್ಕಾಗಿ ಮರಳುತ್ತದೆ. ಅಲ್ಲಿ ಐದಾರು ಮೀಟರ್‌ಗೆ ಹತ್ತಿರ ಹೋಗಬೇಕು. ವೇದಿಕೆಯ ಅಂಚಿಗೇ ಇಟ್ಟರೆ ಡ್ರಮ್, ಗಿಟಾರ್ ಆಂಪ್ ನೇರ ಸಿಗುತ್ತದೆ, ಆದರೆ ಹಾಡುಗಾರನ ದನಿ ದೊಡ್ಡ ಸ್ಪೀಕರ್‌ಗಳಿಂದ ಹಿಂದಕ್ಕೆ ಹಾರಿಹೋಗಿ ಬರೇ ಮಾನಿಟರ್‌ನ (ಹಾಡುವವರ ಕಡೆ ತಿರುಗಿದ ಸ್ಪೀಕರ್) ಸೋರಿಕೆ ಉಳಿಯುತ್ತದೆ. ಮಳೆಗಾಲದಲ್ಲಿ ಶೀಟಿನ ಅಡಿ ರೆಕಾರ್ಡಿಂಗ್ ಅಂದರೆ ಮಳೆಯದ್ದೇ ರೆಕಾರ್ಡಿಂಗ್, ಮಾರಾಯ್ರೆ.

ಬೇಕಲದಂಥ ಕಡಲ ಬದಿಯಲ್ಲಿ ಗಾಳಿ. ಸಂಜೆ ಪಡುವಣದಿಂದ ಬೀಸಿದ್ದು ರಾತ್ರಿಗೆ ತಿರುಗಿ ಮೂಡಣದಿಂದಲೂ ಬರಬಹುದು; ಯಾವ ಬದಿಗೆ ಮರೆಮಾಡಿದರೂ ನಂಬುವಂತಿಲ್ಲ. ಮೈಕ್‌ಗೆ ಸ್ಪಂಜಿನ ಟೊಪ್ಪಿ ಪ್ರಯೋಜನ ಇಲ್ಲ, ಕೂದಲಿನ ಟೊಪ್ಪಿಯೇ ಬೇಕು. 80 ಹರ್ಟ್ಸ್‌ನ ಲೋ ಕಟ್ (ಅದಕ್ಕಿಂತ ತಗ್ಗಿನ ಸದ್ದು ಕತ್ತರಿಸುವ ಸ್ವಿಚ್) ಒತ್ತುವ ಆಸೆ ಆಗುತ್ತದೆ, ಆದರೆ ಕಿಕ್ ಡ್ರಮ್‌ನ ಹೊಟ್ಟೆ ಇರುವುದು ಅದರ ಅಡಿಯಲ್ಲೇ. ಒಮ್ಮೆ ಕತ್ತರಿಸಿದ್ದು ಮತ್ತೆ ಬರುವುದಿಲ್ಲ. ತೇವಕ್ಕೆ ಕಂಡೆನ್ಸರ್ ಮೈಕ್ ಕರಕರ ಅನ್ನುವುದೂ ಉಂಟು. ಎಸಿ ಕಾರಿನಿಂದ ಇಳಿಸಿದ ಮೈಕನ್ನು ಕೂಡಲೇ ಹಚ್ಚಬೇಡಿ, ಅರ್ಧ ಗಂಟೆ ಚೀಲದೊಳಗೇ ಹೊರಗಿನ ಬಿಸಿಗೆ ಒಗ್ಗಲಿ. ಮನೆಯಲ್ಲಿ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್.

ಲೆವೆಲ್‌ನಲ್ಲಿ ಹೆಚ್ಚಿನವರು ಸೋಲುತ್ತಾರೆ. ಸೌಂಡ್ ಚೆಕ್‌ನಲ್ಲಿ ಮೀಟರ್ ನೋಡಿ ಖುಷಿಯಾಗಿ ಹಾಗೇ ಬಿಟ್ಟರೆ, ಶೋ ಹೊತ್ತಿಗೆ ಬ್ಯಾಂಡ್ ಜೋರಾಗುತ್ತದೆ, ಸೌಂಡ್‌ನವರೂ ಏರಿಸುತ್ತಾರೆ. ಚೆಕ್‌ನಲ್ಲಿ ಸ್ನೇರ್‌ನ ತುದಿ ಮೀಟರ್‌ನ ಗರಿಷ್ಠ ಸೊನ್ನೆಗಿಂತ ಕೆಳಗೆ, ಮೈನಸ್ 18 ಡಿಬಿ ಹತ್ತಿರ ಇರಲಿ, ಶೋದಲ್ಲಿ ಮೈನಸ್ 10ರ ಆಸುಪಾಸಿಗೆ ಬರುತ್ತದೆ. 24 ಬಿಟ್‌ನಲ್ಲಿ ಅಷ್ಟು ಕೆಳಗಿದ್ದರೂ ನಷ್ಟ ಇಲ್ಲ. ಸದ್ದನ್ನು ತಾನೇ ಏರಿಸಿ ಇಳಿಸುವ ಆಟೋ ಲೆವೆಲ್ ಅಂತೂ ಮುಟ್ಟಲೇಬಾರದು. ಚೆಂಡೆಗೆ ಹೇಗೋ ಸ್ನೇರ್‌ಗೂ ಹಾಗೆ, ಪ್ರತಿ ಪೆಟ್ಟಿಗೂ ಉಳಿದ ಸದ್ದೆಲ್ಲ ಕುಗ್ಗಿ ಮತ್ತೆ ಉಸಿರೆಳೆದಂತೆ ಏಳುತ್ತದೆ. ಇನ್ನೊಂದು ಮೋಸ: ಮೀಟರ್ ಕೆಂಪಾಗದೆಯೂ ಸದ್ದು ಒಡೆದಿರಬಹುದು. ಮೈಕ್ ಅಥವಾ ಅದರ ಮುಂದಿನ ಪ್ರಿಆಂಪ್ (ಮೈಕ್‌ನ ಸಣ್ಣ ಸದ್ದು ಏರಿಸುವ ಭಾಗ) ಮೊದಲೇ ತುಂಬಿ ಹರಿದರೆ ಆಮೇಲಿನ ಗುಬುಟು ಇಳಿಸಿ ಫಲವಿಲ್ಲ. ಎಷ್ಟು ಜೋರಿನ ಸದ್ದನ್ನೂ ಫೈಲಿನಲ್ಲಿ ಒಡೆಯದೆ ಹಿಡಿಯುವ 32 ಬಿಟ್ ಫ್ಲೋಟ್ ಕೂಡ ಮೈಕನ್ನೇ ಕಾಯಲಾರದು. ಸ್ವಿಚ್ ಇದ್ದರೆ ಗೇನ್ ಲೋ ಮಾಡಿ, ಒಂದು ಹಾಡು ಹಿಡಿದು ಹೆಡ್‌ಫೋನ್‌ನಲ್ಲಿ ಕೇಳಿ. ಕಿವಿಗೆ ಪ್ಲಗ್ ಮರೆಯಬೇಡಿ. ಕಿವಿಗೆ ಬೀಳುವ ಸದ್ದು 100 ಡಿಬಿ ಇದ್ದರೆ ಹದಿನೈದು ನಿಮಿಷವೇ ಮಿತಿ.

48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ಅಂದರೆ ಗಂಟೆಗೆ ಒಂದು ಜಿಬಿ ಚಿಲ್ಲರೆ. ಕೆಲವು ರೆಕಾರ್ಡರ್‌ಗಳು 2 ಜಿಬಿಗೆ ಫೈಲ್ ತುಂಡುಮಾಡುತ್ತವೆ, ಅಂದರೆ ಎರಡು ಗಂಟೆ ದಾಟುವಾಗ. ತುಂಡಿನ ನಡುವೆ ಸದ್ದು ಬಿಟ್ಟುಹೋಗುತ್ತದೋ ಅಂತ ಮನೆಯಲ್ಲೇ ಫ್ಯಾನಿನ ಸದ್ದು ಮೂರು ಗಂಟೆ ಹಿಡಿದು ನೋಡಿ. ಕಾರ್ಡನ್ನು ರೆಕಾರ್ಡರ್‌ನಲ್ಲೇ ಫಾರ್ಮ್ಯಾಟ್ ಮಾಡಬೇಕು. ಪವರ್ ಬ್ಯಾಂಕ್ ನಂಬಿ ಹೋಗಬೇಡಿ: ರೆಕಾರ್ಡರ್ ಎಳೆಯುವ ಕರೆಂಟ್ ತೀರಾ ಕಡಿಮೆಯಾದ್ದರಿಂದ ಕೆಲವು ಬ್ಯಾಂಕ್‌ಗಳು ಫೋನ್ ತುಂಬಿತು ಅಂತ ತಿಳಿದು ತಾವಾಗಿಯೇ ಆರಿಹೋಗುತ್ತವೆ. ಹೊಸದಾಗಿ ಚಾರ್ಜ್ ಮಾಡಿದ ಎಎ ಸೆಲ್ ಹಾಕಿ, ಮೆನುವಿನಲ್ಲಿ ಸೆಲ್‌ನ ಜಾತಿ ಸರಿಯಾಗಿ ಆರಿಸಿ, ಗುಂಡಿಗಳು ಕೈತಪ್ಪಿ ಒತ್ತಿಹೋಗದಂತೆ ಹೋಲ್ಡ್ ಸ್ವಿಚ್ ಎಳೆದುಬಿಡಿ.

ಮಿಕ್ಸರ್‌ನಿಂದ ನೇರ ವೈರ್ ಸಿಗುತ್ತದಲ್ಲ ಅಂತ ಕೇಳುವವರಿದ್ದಾರೆ. ಸಣ್ಣ ಹಾಲ್‌ನಲ್ಲಿ ಡ್ರಮ್, ಗಿಟಾರ್ ವೇದಿಕೆಯಿಂದಲೇ ಜೋರಾಗಿ ಕೇಳುವುದರಿಂದ ಸೌಂಡ್‌ನವರು ಅವನ್ನು ಮಿಕ್ಸರ್‌ನಲ್ಲಿ ಹೆಚ್ಚು ತೆರೆಯುವುದೇ ಇಲ್ಲ. ನಿಮಗೆ ಸಿಗುವುದು ಬರೇ ಗಂಟಲು, ದೂರದಲ್ಲಿ ಎಲ್ಲೋ ಬ್ಯಾಂಡ್. ಅದನ್ನು ಮೈಕ್‌ನ ಸದ್ದಿಗೆ ಬೆರೆಸಲು ಹೋದರೆ ಗಾಳಿಯಲ್ಲಿ ಬಂದ ಸದ್ದು ಹತ್ತು ಮೀಟರ್‌ಗೆ ಸುಮಾರು 29 ಮಿಲಿಸೆಕೆಂಡ್ ಹಿಂದೆ ಬಿದ್ದಿರುತ್ತದೆ. ಎರಡು ರೆಕಾರ್ಡರ್‌ಗಳ ಗಡಿಯಾರದಲ್ಲಿ ಹತ್ತು ಲಕ್ಷಕ್ಕೆ ಇಪ್ಪತ್ತರ ವ್ಯತ್ಯಾಸ ಇದ್ದರೆ ಗಂಟೆಗೆ ಇನ್ನೂ 72 ಮಿಲಿಸೆಕೆಂಡ್ ಜಾರುತ್ತದೆ. ಅಷ್ಟೆಲ್ಲ ಎಳೆದು ಹೊಂದಿಸಿದ ಮೇಲೆ ಅದು ಹಸಿಯೂ ಅಲ್ಲ, ಬೆಂದದ್ದೂ ಅಲ್ಲ. ವೈರಿನದ್ದು ಸಿಕ್ಕಿದರೆ ಬೇರೆ ಫೈಲ್ ಆಗಿಯೇ ಇಡುತ್ತೇನೆ.

ಮನೆಗೆ ಬಂದ ಮೇಲೆ ಮಾಡುವುದು ಒಂದೇ, ಇಡೀ ಫೈಲಿಗೆ ಸಮನಾಗಿ ಗೇನ್ ಏರಿಸುವುದು. ನಾಯ್ಸ್ ರಿಡಕ್ಷನ್ ಹಾಕಿದರೆ ಸಿಂಬಲ್‌ನ ಬಾಲ ನೀರಿನೊಳಗೆ ಮುಳುಗಿದಂತಾಗುತ್ತದೆ. ಹಾಡಿನ ನಡುವಿನ ಟ್ಯೂನಿಂಗ್, ಕುಡಿದ ನೀರು, ಹಿಂದಿನಿಂದ ಯಾರೋ ‘ಪೊಳಿ’ (ಮಲಯಾಳದಲ್ಲಿ ‘ಭರ್ಜರಿ’) ಅಂತ ಕೂಗಿದ್ದು ಯಾವುದನ್ನೂ ತೆಗೆಯುವುದಿಲ್ಲ. ಕೊನೆಯ ಹಾಡಾದ ಮೇಲೂ ಹತ್ತು ನಿಮಿಷ ಓಡಲಿ, ಒನ್ಸ್ ಮೋರ್ ಬರುವುದು ಆಗಲೇ. ಸ್ಟಾಪ್ ಒತ್ತಿ ಫೈಲ್ ಬರೆದು ಮುಗಿಯುವವರೆಗೆ ಸೆಲ್ ತೆಗೆಯಬೇಡಿ.

ಸದ್ದು ಏನೂ ಕಳೆಯದೆ ಫೈಲ್ ಕುಗ್ಗಿಸುವ ಫ್ಲಾಕ್ ಮಾಡಿ ಇಡಿ, ಎಂಪಿ3 ಬೇಡ. ಅದರ ಜೊತೆಗೆ ಒಂದು ಟೆಕ್ಸ್ಟ್ ಫೈಲ್: ತಾರೀಕು, ಊರು, ಹಾಲ್, ಮೈಕ್, ವೇದಿಕೆಯಿಂದ ದೂರ, ಎತ್ತರ, ಹಾಡುಗಳ ಪಟ್ಟಿ. ಊರು, ಹಾಲ್ ಸರಿಯಾಗಿ ಬರೆದಿಡದಿದ್ದರೆ ಏನಾಗುತ್ತದೆ ನೋಡಿ: ಅಮೆರಿಕದ ಹಾಡುಗಾರ ಬಾಬ್ ಡಿಲನ್ 1966ರ ಮೇ 17ರಂದು ಮ್ಯಾಂಚೆಸ್ಟರ್‌ನ ಫ್ರೀ ಟ್ರೇಡ್ ಹಾಲ್‌ನಲ್ಲಿ ಹಾಡಿದ್ದು ಕಳ್ಳಪ್ರತಿಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನದ್ದು ಅಂತಲೇ ವರ್ಷಗಟ್ಟಲೆ ಓಡಾಡಿತು. 1998ರಲ್ಲಿ ಕಂಪನಿಯೇ ಹೊರತಂದಾಗಲೂ ಆ ತಪ್ಪು ಹೆಸರನ್ನು ಉದ್ಧರಣೆ ಚಿಹ್ನೆಯೊಳಗೆ ಹಾಕಿ ಉಳಿಸಿಕೊಳ್ಳಬೇಕಾಯಿತು, ಜನ ಗುರುತಿಸುತ್ತಿದ್ದದ್ದು ಅದರಿಂದಲೇ.