ಚೌಕಿಯಲ್ಲಿ ಗೆದ್ದು ರಂಗಸ್ಥಳದಲ್ಲಿ ಸೋತ ಕ್ಯಾಮೆರಾ

ಗಲ್ಫಿನಿಂದ ಬಂದ ಭಾವ ಹೊಸ ಫೋನು ಕೊಂಡ ಮೇಲೆ ತನ್ನ ಹಳೇ ಪುಟ್ಟ ಕ್ಯಾಮೆರಾವನ್ನು ಎರಡೂವರೆ ಸಾವಿರಕ್ಕೆ ನನಗೆ ದಾಟಿಸಿದ. 7.1 ಮೆಗಾಪಿಕ್ಸೆಲ್, 4 ಪಟ್ಟು ಜೂಮ್, ಎರಡು ಪೆನ್ ಸೆಲ್. "ಆಟಕ್ಕೆಲ್ಲ ಇದು ಆಗ್ಲಿಕ್ಕಿಲ್ಲ ಭಾವಾ, ಮಕ್ಕಳ ಫೋಟೋ ತೆಗಿ ಸಾಕು" ಎಂದಿದ್ದ. ಆಟ ಎಂದರೆ ನಮ್ಮಲ್ಲಿ ಯಕ್ಷಗಾನ. ಅಂಥ ಮಾತು ಕೇಳಿದ ಮೇಲೆ ಆಟಕ್ಕೆ ಒಯ್ಯದೆ ಇರುವುದು ಹೇಗೆ? ಕಾಸರಗೋಡಿನ ಬದಿಯಡ್ಕದ ಹತ್ತಿರ ಗದ್ದೆಯಲ್ಲಿ ಬಯಲಾಟ ಇತ್ತು. ಹೋದೆ.

ಮೊದಲ ರಾತ್ರಿ ಪೂರ್ತಿ ಸೋತೆ. ಎಳೆಯ ವೀರನ ಪಾತ್ರವಾದ ಪುಂಡುವೇಷ ಸುತ್ತಿ ಹಾರುತ್ತಾ ಧೀಂಗಿಣ ಹಾಕುವಾಗ ಗುಂಡಿ ಒತ್ತಿದರೆ, ಕ್ಯಾಮೆರಾ ಫೋಕಸ್ ಹುಡುಕಿ ಮುಗಿಸುವಷ್ಟರಲ್ಲಿ ವೇಷ ರಂಗಸ್ಥಳದ ಇನ್ನೊಂದು ತುದಿಯಲ್ಲಿ. ನನಗೆ ಸಿಕ್ಕಿದ್ದು ಭಾಗವತರ ಮುಂಡಾಸು ಮತ್ತು ಒಂದು ಟ್ಯೂಬ್‌ಲೈಟು. ಫ್ಲಾಶ್ ಹಾಕಿ ನೋಡಿದೆ. ಅದರ ಬೆಳಕು ಹತ್ತು ಹನ್ನೊಂದು ಅಡಿ ದಾಟುವುದಿಲ್ಲ. ನನ್ನ ಮುಂದೆ ಕೂತಿದ್ದ ಅಜ್ಜನ ಬೋಳುತಲೆ ಮಾತ್ರ ಚಂದ ಬಂತು.

ಕಾರಣ ಆಮೇಲೆ ತಿಳಿಯಿತು. ಬೆಳಕು ಹಿಡಿಯುವ ಒಳಗಿನ ಸೆನ್ಸರ್ ಸುಮಾರು 6 ಮಿ.ಮೀ. ಅಗಲ, 4 ಮಿ.ಮೀ. ಎತ್ತರ. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅಷ್ಟು ಪುಟ್ಟ ಜಾಗದಲ್ಲಿ ರಾತ್ರಿಯ ಬೆಳಕು ಎಷ್ಟು ಹಿಡಿದೀತು? ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯನ್ನು, ಅಂದರೆ ಐಎಸ್‌ಒವನ್ನು, 400 ದಾಟಿಸಿದರೆ ಕಪ್ಪು ಭಾಗವೆಲ್ಲ ರವೆ ಚೆಲ್ಲಿದ ಹಾಗೆ. ನಾನು ಮಾಡಿದ ಇನ್ನೊಂದು ತಪ್ಪು, ದೂರ ಕೂತು ಪೂರ್ತಿ ಜೂಮ್ ಮಾಡಿದ್ದು. ಜೂಮ್ ಇಲ್ಲದಾಗ ಈ ಲೆನ್ಸಿನಲ್ಲಿ ಬೆಳಕು ಒಳಬಿಡುವ ತೂತು, ಅಂದರೆ ಅಪರ್ಚರ್, ಎಫ್ 2.6, ಪೂರ್ತಿ ಎಳೆದಾಗ 5.5. ಅಂಕಿ ದೊಡ್ಡದಾದಷ್ಟು ತೂತು ಚಿಕ್ಕದು. ಅಂದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೂ ಕಡಿಮೆ. ಕೈ ನಡುಗಿದರೆ ಸರಿಮಾಡುವ ಸ್ಟೆಬಿಲೈಸರ್ ಇದೆ, ನಿಜ. ಆದರೆ ಅದು ನನ್ನ ಕೈಯ ನಡುಕಕ್ಕೆ, ವೇಷದ ಕುಣಿತಕ್ಕಲ್ಲ.

ಮುಂದಿನ ಆಟಕ್ಕೆ ಸಂಜೆಯೇ ಹೋಗಿ, ವೇಷ ಕಟ್ಟಿಕೊಳ್ಳುವ ಜಾಗವಾದ ಚೌಕಿಯಲ್ಲಿ ಕೂತೆ. ಚಪ್ಪಲಿ ಹೊರಗೆ ಬಿಟ್ಟು, ರಾಕ್ಷಸ ಪಾತ್ರದ ಬಣ್ಣದ ವೇಷದವರಲ್ಲಿ ಒಂದು ಮಾತು ಕೇಳಿಯೇ ಕ್ಯಾಮೆರಾ ತೆಗೆದದ್ದು. ಅವರು ಅಕ್ಕಿಹಿಟ್ಟು, ಸುಣ್ಣ ಕಲಸಿದ್ದನ್ನು ಕಡ್ಡಿಯ ತುದಿಯಲ್ಲಿ ತೆಗೆದು ಹುಬ್ಬಿನ ಮೇಲೆ ಚಿಟ್ಟಿ ಇಡುತ್ತಿದ್ದರು. ಒಂದೊಂದೇ ಬಿಳಿ ಮುಳ್ಳು ಎದ್ದು ನಿಲ್ಲುವುದನ್ನು ನೋಡುತ್ತಾ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಮಗ್ಗುಲಲ್ಲೇ ಬಲ್ಬು ಇತ್ತು, ಅವರು ಅಲುಗಾಡುವುದೂ ಇಲ್ಲ. ಈ ಕ್ಯಾಮೆರಾಕ್ಕೆ ಬೇಕಾದದ್ದೇ ಅದು.

ಮ್ಯಾಕ್ರೋದಲ್ಲಿ ಇದು 5 ಸೆಂ.ಮೀ.ವರೆಗೂ ಹತ್ತಿರ ಹೋಗುತ್ತದೆ. ಆದರೆ ಅಷ್ಟು ಹತ್ತಿರ ಹೋದರೆ ಕ್ಯಾಮೆರಾದ ನೆರಳೇ ಮುಖದ ಮೇಲೆ ಬೀಳುತ್ತದೆ, ಮರ್ಯಾದೆಯೂ ಅಲ್ಲ. ಒಂದು ಗೇಣು ದೂರ ಇಟ್ಟೆ. ಚಕ್ಕಳಮಕ್ಕಳ ಕೂತು ಮೊಣಕೈಗಳನ್ನು ಮೊಣಕಾಲಿಗೆ ಒರಗಿಸಿದೆ. ಫ್ಲಾಶ್ ಬಂದ್, ಐಎಸ್‌ಒ 200. ಮೊದಲು ಎಲ್ಲ ಕೆಂಪು ಕೆಂಪಾಗಿ ಬಂತು. ಆಗ ನನ್ನ ಬಿಳಿ ಮುಂಡನ್ನೇ ಅದೇ ಬಲ್ಬಿನ ಕೆಳಗೆ ಫ್ರೇಮು ತುಂಬ ಹಿಡಿದು ವೈಟ್ ಬ್ಯಾಲೆನ್ಸ್ ಹೊಂದಿಸಿದೆ. ಚಿಟ್ಟಿ ಬೆಳ್ಳಗಾಯಿತು, ಕೆಂಪು ಕೆಂಪಾಗಿಯೇ ಉಳಿಯಿತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಕೆನ್ನೆಯ ಮೇಲೆ ಕಡ್ಡಿ ಎಳೆದ ಗೀರು ಕೂಡ ಕಾಣುತ್ತದೆ! ಭಾವನಿಗೆ ಕಳಿಸಿದೆ. "ಇದು ಆ ಕ್ಯಾಮೆರಾದ್ದಲ್ಲ" ಅಂದ.

ರಂಗಸ್ಥಳದಲ್ಲಿ ಈಗ ಕುಣಿತದ ಹಿಂದೆ ಓಡುವುದಿಲ್ಲ. ಗುಂಡಿಯನ್ನು ಅರ್ಧ ಒತ್ತಿ ಫೋಕಸ್ ಹಿಡಿದು ಕಾಯುತ್ತೇನೆ. ಮುಕ್ತಾಯಕ್ಕೆ ವೇಷ ಒಂದು ಗಳಿಗೆ ನಿಲ್ಲುತ್ತದಲ್ವಾ, ಆಗ ಪೂರ್ತಿ ಒತ್ತುವುದು. ಹತ್ತರಲ್ಲಿ ಎರಡು ಸಿಕ್ಕಿದರೆ ಪುಣ್ಯ.

ಹಗಲಿನ ಕತೆ ಬೇರೆ. ಬೇಕಲ ಕೋಟೆಯಲ್ಲಿ ಬಿಸಿಲಿಗೆ ಕ್ಯಾಮೆರಾದ ಪರದೆಯಲ್ಲಿ ಏನೂ ಕಾಣುವುದಿಲ್ಲ, ಆಗ ಮೇಲಿನ ಇಣುಕು ಕಿಂಡಿ (ವ್ಯೂಫೈಂಡರ್) ದೇವರಂತೆ ಒದಗುತ್ತದೆ. ಈಗಿನ ಫೋನುಗಳಿಗೆ ಅದಿಲ್ಲ. ಕಿಂಡಿಯ ಮೋಸವೂ ಗೊತ್ತಿರಬೇಕು. ಅದು ಲೆನ್ಸಿಗಿಂತ ಮೇಲಿರುವುದರಿಂದ, ಹತ್ತಿರದವರ ಫೋಟೋ ತೆಗೆದರೆ ತಲೆ ಕತ್ತರಿಸಿ ಹೋಗುತ್ತದೆ. ಇನ್ನು ನಡುಮಧ್ಯಾಹ್ನ ಮುರಕಲ್ಲಿನ ಗೋಡೆ ಸರಿ ಬಂದರೆ ಆಕಾಶ ಬರೀ ಸುಣ್ಣ. ಎಕ್ಸ್‌ಪೋಶರನ್ನು ಒಂದೆರಡು ಮೆಟ್ಟಿಲು ಕೆಳಗಿಳಿಸಿದರೆ ಸಮುದ್ರಕ್ಕೂ ಬಣ್ಣ ಬರುತ್ತದೆ.

4 ಪಟ್ಟು ಜೂಮ್ ಎಂದರೆ ಜಾಸ್ತಿ ಆಸೆ ಬೇಡ. 2022ರ ಅಕ್ಟೋಬರಿನಲ್ಲಿ ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ ತೀರಿಕೊಂಡಾಗ ನನ್ನ ಹಳೇ ಫೋಟೋ ಹುಡುಕಿ ತೆಗೆದೆ. ಕೆರೆಯಲ್ಲಿ ತೇಲುವ ತೆಂಗಿನ ಕೊತ್ತಳಿಗೆಯ ಹಾಗಿದೆ. ಇದೇ ಬಬಿಯಾ ಎಂದು ನಾನು ಹೇಳಿದರೆ ಮನೆಯವರು ಸುಮ್ನೆ ನಗುತ್ತಾರೆ.

ರಾತ್ರಿ ಫೋಟೋಕ್ಕೆ ಇವತ್ತಿನ ಫೋನೇ ಮೇಲು, ಒಪ್ಪುತ್ತೇನೆ. ಅದು ಹಲವು ಫೋಟೋ ಒಟ್ಟಿಗೆ ತೆಗೆದು ಬೆರೆಸುತ್ತದೆ. ಆದರೆ ತೋಟಕ್ಕೆ ಹೋಗುವಾಗ ನಾನು ಒಯ್ಯುವುದು ಇದನ್ನೇ. ಅಡಿಕೆ ಸೋಗೆಯ ಎಲೆಚುಕ್ಕಿ ರೋಗ ಹತ್ತಿರದಿಂದ ತೆಗೆಯಲು ಚಂದ, ಬಿದ್ದರೂ ಫೋನಿನಷ್ಟು ಹೊಟ್ಟೆ ಉರಿಯುವುದಿಲ್ಲ. ಒಮ್ಮೆ ಬಿದ್ದು ಸೆಲ್ಲಿನ ಮುಚ್ಚಳದ ಕೊಕ್ಕೆ ಮುರಿಯಿತು. ಅಂದಿನಿಂದ ಪಂಪಿನ ವಯರಿಗೆ ಸುತ್ತುವ ಕಪ್ಪು ಟೇಪೇ ಕೊಕ್ಕೆ.

ಸೆಲ್ ವಿಷಯದಲ್ಲಿ ಜಿಪುಣತನ ಬೇಡ. ಗೂಡಂಗಡಿಯ ಅಗ್ಗದ ಸೆಲ್ ನಾಲ್ಕು ಫ್ಲಾಶಿಗೆ ಮಲಗುತ್ತದೆ. ನಿಕಲ್ ಮೆಟಲ್ ಹೈಡ್ರೈಡ್ ಎಂಬ ಚಾರ್ಜ್ ಮಾಡುವ ಸೆಲ್ ನಾಲ್ಕು ಕೊಂಡು, ಎರಡು ಒಳಗೆ, ಎರಡು ಜೇಬಿನಲ್ಲಿ ಇಟ್ಟರೆ ಬೆಳಗಿನವರೆಗೂ ಚಿಂತೆಯಿಲ್ಲ.

ಮೇ ಕೊನೆಗೆ ಆಟದ ಋತು ಮುಗಿಯುವ ದಿನವಾದ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮೂರ ಮಳೆ. ಲೆನ್ಸಿಗೆ ಬೂಸಲು ಬರುವ ಕಾಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ. ಬಿಸಿಲು ಬಂದ ದಿನ ಹೊರಗೆ ತೆಗೆದು ಹತ್ತು ಫೋಟೋ ಹೊಡೆದು ಮತ್ತೆ ಡಬ್ಬಿಗೆ. ಸೆಲ್ ಮಾತ್ರ ನೆನಪಿಟ್ಟು ಬಿಚ್ಚಿಡಬೇಕು. ಒಳಗೇ ಮರೆತರೆ ಸೋರಿ ತಗಡು ಹಸಿರಾಗುತ್ತದೆ.