ಮ್ಯೂನಿಕ್‌ನಿಂದ ಮ್ಯೂನಿಕ್‌ಗೆ: ಆಲ್ಪ್ಸ್ ಘಾಟಿಗಳಲ್ಲಿ ಒಂದು ವಾರ, ಒಂದು ಬಾಡಿಗೆ ಕಾರು

ಯುರೋಪಿನಲ್ಲಿ ಕಾರಲ್ಲಿ ಸುತ್ತುತ್ತೇವೆ ಅಂದರೆ ಸಾಕು, ಎಲ್ಲರೂ ಕೇಳುವುದು ಒಂದೇ: "ಎಷ್ಟು ದೇಶ ಆಗುತ್ತೆ?" ನಮ್ಮ ಪಟ್ಟಿಯಲ್ಲೂ ಮೊದಲು ಆರು ದೇಶಗಳಿದ್ದವು. ಸ್ವಿಟ್ಜರ್‌ಲೆಂಡ್ ಮತ್ತು ಲಿಕ್ಟನ್‌ಸ್ಟೈನ್ ಎರಡನ್ನೂ ನಾನೇ ಹೊಡೆದುಹಾಕಿದೆ. ಸ್ವಿಸ್ ಮೋಟಾರ್‌ವೇ ಹತ್ತಬೇಕಾದರೆ ವರ್ಷದ ವಿನ್ಯೆಟ್ (ರಸ್ತೆ ಶುಲ್ಕದ ಪಾಸ್) ಒಂದೇ ಸಿಗುವುದು, 40 ಫ್ರಾಂಕ್. ಅರ್ಧ ದಿನಕ್ಕೆ ಅಷ್ಟು ಕೊಟ್ಟು, ಲಿಕ್ಟನ್‌ಸ್ಟೈನ್ ರಾಜಧಾನಿ ವಡೂಟ್ಸ್‌ನಲ್ಲಿ ಒಂದು ಫೋಟೋ ತೆಗೆಸಿಕೊಂಡು ಬರುವುದರಲ್ಲಿ ನನಗೆ ಅರ್ಥ ಕಾಣಲಿಲ್ಲ. ಜರ್ಮನಿ, ಆಸ್ಟ್ರಿಯಾ, ಸ್ಲೊವೇನಿಯಾ, ಇಟಲಿ ಉಳಿದವು. ವಾರಕ್ಕೆ ಅವೇ ಧಾರಾಳ.

ಒಂದು ದೇಶದಲ್ಲಿ ಕಾರು ತಗೊಂಡು ಇನ್ನೊಂದು ದೇಶದಲ್ಲಿ ಬಿಟ್ಟರೆ ಬಾಡಿಗೆಯ ಜೊತೆ ಬೀಳುವ ಶುಲ್ಕ ಕಣ್ಣು ಕುಕ್ಕುವಷ್ಟಿರುತ್ತದೆ. ಹಾಗಾಗಿ ಮ್ಯೂನಿಕ್ ವಿಮಾನ ನಿಲ್ದಾಣದಲ್ಲೇ ತಗೊಂಡು ಅಲ್ಲೇ ಒಪ್ಪಿಸುವಂತೆ ಒಂದು ಸುತ್ತು ಹಾಕಿದೆವು. ಬುಕ್ ಮಾಡುವಾಗಲೇ ಯಾವ ಯಾವ ದೇಶಕ್ಕೆ ಕಾರು ಒಯ್ಯುತ್ತೀರಿ ಅಂತ ತಿಳಿಸಿ ಕರಾರಿನಲ್ಲಿ ಬರೆಸಿಕೊಳ್ಳಬೇಕು. ಠೇವಣಿ ಹಿಡಿಯಲು ಕ್ರೆಡಿಟ್ ಕಾರ್ಡ್ ಬೇಕು, ಅದು ಕಾರು ಓಡಿಸುವವರ ಹೆಸರಿನಲ್ಲೇ ಇರಬೇಕು. ನಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಕೂಡ ಬೇಕು. ಅದರ ಅವಧಿ ಒಂದು ವರ್ಷ. ಷೆಂಗೆನ್ ವೀಸಾವನ್ನು ಹೆಚ್ಚು ರಾತ್ರಿ ತಂಗುವ ದೇಶದಿಂದ ಪಡೆಯಬೇಕು. ರಾತ್ರಿಗಳು ಸಮ ಬಂದರೆ ಮೊದಲು ಕಾಲಿಡುವ ದೇಶದಿಂದ.

ಸೂಟ್‌ಕೇಸ್ ತುಂಬುವಾಗ ಅತ್ತೆ ಚಟ್ನಿಪುಡಿ, ಅವಲಕ್ಕಿ ಜೊತೆ ತುಪ್ಪದ ಡಬ್ಬಿಯನ್ನೂ ಇಟ್ಟಿದ್ದರು. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ ಅನ್ನುವುದು ಯುರೋಪಿಯನ್ ಒಕ್ಕೂಟದ ನಿಯಮ. ತುಪ್ಪ ಇಳಿಯಿತು, ಚಟ್ನಿಪುಡಿ ಉಳಿಯಿತು. ಭಾನುವಾರ ಜರ್ಮನಿ, ಆಸ್ಟ್ರಿಯಾಗಳಲ್ಲಿ ಸೂಪರ್‌ಮಾರ್ಕೆಟ್‌ಗಳು ಬಾಗಿಲು ಹಾಕುತ್ತವೆ. ಆವತ್ತು ಆ ಪುಡಿಯೇ ನಮಗೆ ಊಟ.

ಎಡಗಡೆ ಕೂತು ರಸ್ತೆಯ ಬಲಕ್ಕೆ ಓಡಿಸುವುದು ಹೇಗೆ ಅಂತ ಎಲ್ಲರಿಗೂ ಅಂಜಿಕೆ. ಆಟೋಮ್ಯಾಟಿಕ್ ಕಾರಾದರೆ ಅರ್ಧ ತಲೆನೋವು ಹೋಗುತ್ತದೆ. ಉಳಿದದ್ದು ಇನ್ನೊಂದು: ಇಷ್ಟು ವರ್ಷ ಬಲಗಡೆ ಕೂತು ಓಡಿಸಿದ ಅಂದಾಜಿಗೆ ಕಾರು ತನ್ನಷ್ಟಕ್ಕೆ ಬಲದಂಚಿಗೆ ಸರಿಯುತ್ತಾ ಹೋಗುತ್ತದೆ. ಪಕ್ಕದಲ್ಲಿ ಕೂತ ನನ್ನಾಕೆಗೆ ಒಂದೇ ಕೆಲಸ ಕೊಟ್ಟಿದ್ದೆ. ಟೈರು ಬಿಳಿ ಪಟ್ಟಿಯ ಹತ್ತಿರ ಬಂದ ಕೂಡಲೇ "ಗೆರೆ, ಗೆರೆ" ಅನ್ನುವುದು. ಎರಡನೇ ದಿನದ ಹೊತ್ತಿಗೆ ಅವಳು ಕಿಟಕಿಯಾಚೆ ನೋಡಲು ಶುರುಮಾಡಿದಳು. ರಸ್ತೆ ನಿಯಮಗಳ ಪೈಕಿ ಒಂದನ್ನು ಮಾತ್ರ ಹೇಳುತ್ತೇನೆ: ಜರ್ಮನಿ, ಆಸ್ಟ್ರಿಯಾ ಹೆದ್ದಾರಿಗಳಲ್ಲಿ ವಾಹನಗಳು ನಿಂತುಬಿಟ್ಟರೆ ಎಡ ಸಾಲಿನವರು ಎಡಕ್ಕೆ, ಉಳಿದವರು ಬಲಕ್ಕೆ ಸರಿದು ನಡುವೆ ಆಂಬುಲೆನ್ಸ್‌ಗೆ ದಾರಿ ಬಿಡಬೇಕು. ಸೈರನ್ ಕೇಳಿದ ಮೇಲಲ್ಲ, ಅದಕ್ಕೂ ಮೊದಲೇ.

ವಿನ್ಯೆಟ್ ಅಂದರೆ ಮೋಟಾರ್‌ವೇ ಬಳಸಲು ಇಷ್ಟು ದಿನಕ್ಕೆ ಇಷ್ಟು ಅಂತ ಕಟ್ಟುವ ಹಣ. ಜರ್ಮನಿಯಲ್ಲಿ ಕಾರಿಗೆ ಅದಿಲ್ಲ. ಆಸ್ಟ್ರಿಯಾದ್ದು ನಮಗೆ 10 ದಿನದ್ದು ಸಾಕಾಯಿತು. ಸ್ಲೊವೇನಿಯಾದಲ್ಲಿ 2022ರಿಂದ ಎಲ್ಲವೂ ಎಲೆಕ್ಟ್ರಾನಿಕ್. ಕಾರಿನ ನಂಬರ್ ಕೊಟ್ಟು ವಾರದ್ದನ್ನು ಫೋನಿನಲ್ಲೇ ಕೊಂಡೆ. ಎರಡೂ ದೇಶಗಳ ನಡುವಿನ ಕಾರವಾಂಕೆನ್ ಸುರಂಗಕ್ಕೆ ಮಾತ್ರ ವಿನ್ಯೆಟ್ ಇದ್ದರೂ ಬೇರೆ ಟೋಲ್ ಕಟ್ಟಬೇಕು. ಹೆಚ್ಚುಕಡಿಮೆ 8 ಕಿ.ಮೀ. ಸುರಂಗ, ಅದರ ಹೊಟ್ಟೆಯೊಳಗೇ ದೇಶ ಬದಲಾಗುತ್ತದೆ.

ಇಡೀ ವಾರದಲ್ಲಿ ದುಡ್ಡು ಕೊಟ್ಟದ್ದು ಸಾರ್ಥಕ ಅನ್ನಿಸಿದ್ದು ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ಘಾಟಿ ರಸ್ತೆಯಲ್ಲಿ. 1935ರಲ್ಲಿ ತೆರೆದ 48 ಕಿ.ಮೀ. ರಸ್ತೆ, 36 ಹೇರ್‌ಪಿನ್ ತಿರುವುಗಳು, 2,504 ಮೀಟರ್ ಎತ್ತರದ ಹೋಖ್‌ಟೋರ್ ಸುರಂಗ. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿರುತ್ತದೆ. ನಾವು ಹೋದದ್ದು ಜೂನ್‌ನಲ್ಲಿ. ಮೇಲೆ ರಸ್ತೆಯಂಚಿನಲ್ಲಿ ಇನ್ನೂ ಹಿಮವಿತ್ತು. ಕಾರಿನ ದಿನದ ಟಿಕೆಟ್ 40 ಯೂರೋ ದಾಟುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಮಾವ ಗೇಟಿನಲ್ಲೇ ತಗಾದೆ ತೆಗೆದರು: "ಆಗುಂಬೆ ಘಾಟಿಗೆ ಯಾರೂ ದುಡ್ಡು ಕೇಳಲ್ವಲ್ರೀ?" ಪ್ರತಿ ತಿರುವಿನಲ್ಲೂ ಅದರ ಸಂಖ್ಯೆ, ಎತ್ತರ ಬರೆದ ಫಲಕವಿದೆ. ಹತ್ತನೆಯದು ದಾಟುವಷ್ಟರಲ್ಲಿ ಮಾವ ಅವನ್ನು ಗಟ್ಟಿಯಾಗಿ ಓದುತ್ತಾ ಲೆಕ್ಕ ಇಡುತ್ತಿದ್ದರು.

ಘಾಟಿ ಇಳಿದು ಅಭ್ಯಾಸವಿರುವ ಮಲೆನಾಡಿನವರಿಗೆ ಇಲ್ಲಿ ಹೊಸದಾಗಿ ಕಲಿಯುವುದೇನಿಲ್ಲ. ಹತ್ತಿದ ಗೇರಿನಲ್ಲೇ ಇಳಿಯುವುದು, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರದಿರುವುದು, ಅಷ್ಟೇ. ಆಟೋಮ್ಯಾಟಿಕ್ ಕಾರಿನಲ್ಲೂ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ ಎರಡನೇ ಗೇರಿನಲ್ಲಿ ಇಳಿಸಿದೆ. ವ್ಯೂಪಾಯಿಂಟ್‌ಗಳಲ್ಲಿ ನಿಂತರೆ ಪಕ್ಕದ ಕಾರುಗಳಿಂದ ಬ್ರೇಕ್ ಸುಟ್ಟ ವಾಸನೆ ಬರುತ್ತಿತ್ತು.

ಕವಲು ರಸ್ತೆ ಹಿಡಿದರೆ 2,369 ಮೀಟರ್ ಎತ್ತರದ ಫ್ರಾಂಝ್ ಯೋಸೆಫ್ಸ್ ಹೊಹೆ. ಅಲ್ಲಿಂದ ಆಸ್ಟ್ರಿಯಾದ ಅತಿ ದೊಡ್ಡ ಹಿಮನದಿ ಪಾಸ್ಟರ್ಝೆ ಕಾಣುತ್ತದೆ. ಕೆಳಗಿಳಿದು ಹಿಮನದಿ ಮುಟ್ಟಿ ಬರಲೆಂದೇ 1963ರಲ್ಲಿ ಒಂದು ಪುಟ್ಟ ಕೇಬಲ್ ರೈಲು ಹಾಕಿದ್ದರು. ಅದು ಇಳಿಸುತ್ತಿದ್ದ ಜಾಗದಲ್ಲಿ ಈಗ ಹಿಮವೇ ಇಲ್ಲ. ಬರೀ ಬಂಡೆ, ಜಲ್ಲಿ, ಕೆಳಗೆ ಬೂದುಬಣ್ಣದ ಕೆರೆ. ಫೋಟೋಗಳಲ್ಲಿ ಬೆಳ್ಳಗೆ ಹೊಳೆಯುವ ಹಿಮನದಿ ನೋಡಿ ಹೋದವರಿಗೆ ಮಣ್ಣು ಮೆತ್ತಿಕೊಂಡ ಒಂದು ನಾಲಿಗೆ ದೂರದಲ್ಲಿ ಕಾಣುತ್ತದೆ. ಗೋಡೆಯ ಬುಡದಲ್ಲಿ ಮಾರ್ಮಟ್‌ಗಳು (ಅಳಿಲಿನ ಜಾತಿಯ ದಪ್ಪ ಪ್ರಾಣಿಗಳು) ಬಿಸಿಲು ಕಾಯುತ್ತಿದ್ದವು. ಮಕ್ಕಳೆಲ್ಲ ಹಿಮನದಿ ಬಿಟ್ಟು ಅವನ್ನೇ ನೋಡುತ್ತಿದ್ದರು.

ಸ್ಲೊವೇನಿಯಾದ ಬ್ಲೆಡ್ ಸರೋವರದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಚಿತ್ರಗಳಲ್ಲಿ ಇದ್ದಂತೆಯೇ ಇದೆ. ಜನ ಜಾಸ್ತಿ, ಪಾರ್ಕಿಂಗ್ ದುಬಾರಿ. ಅಲ್ಲಿ ಮನೆಯೊಂದನ್ನು ಬಾಡಿಗೆಗೆ ಹಿಡಿದು ಹಗಲೆಲ್ಲ ಬೋಹಿನ್ ಕಡೆ ಹೋಗಿಬಿಡುತ್ತಿದ್ದೆವು. ಅಲ್ಲಿನ ಸರೋವರ ಇದಕ್ಕಿಂತ ದೊಡ್ಡದು, ಗಲಾಟೆ ಕಡಿಮೆ. ಒಂದೇ ಕಡೆ ಒಂದಕ್ಕಿಂತ ಹೆಚ್ಚು ರಾತ್ರಿ ಉಳಿಯದಿದ್ದರೆ ವಯಸ್ಸಾದವರಿಗೆ ಸಾಮಾನು ಕಟ್ಟಿ ಬಿಚ್ಚುವುದೇ ಪ್ರವಾಸವಾಗುತ್ತದೆ. ಬಟ್ಟೆ ಒಗೆಯುವುದಕ್ಕೂ ಒಂದು ದಿನ ಬೇಕಲ್ಲ.

ಬ್ಲೆಡ್‌ನಿಂದ ಇಟಲಿಯ ಡೊಬ್ಬಿಯಾಕೊಗೆ ಹೋದ ದಿನವೇ ನಕ್ಷೆಯ ಲೆಕ್ಕಕ್ಕೂ ರಸ್ತೆಯ ಲೆಕ್ಕಕ್ಕೂ ಇರುವ ಅಂತರ ಸರಿಯಾಗಿ ಗೊತ್ತಾಗುವುದು. ಕ್ರಾನ್ಸ್ಕಾ ಗೋರಾದಿಂದ ವ್ರ್ಶಿಚ್ ಪಾಸ್ ಹತ್ತಿದೆವು. 1,611 ಮೀಟರ್ ಎತ್ತರ, ಎರಡೂ ಬದಿ ಸೇರಿ 50 ಹೇರ್‌ಪಿನ್‌ಗಳು. ಹತ್ತುವ ಬದಿಯ ತಿರುವುಗಳಿಗೆ ಮಾತ್ರ ಕಲ್ಲು ಹಾಸಿದ್ದಾರೆ; ಮಳೆ ಬಂದರೆ ಜಾರುತ್ತವೆ, ಟೈರಿನಡಿ ಗಡಗಡ ಅನ್ನುತ್ತವೆ. ಮೊದಲ ಮಹಾಯುದ್ಧದಲ್ಲಿ ರಷ್ಯನ್ ಯುದ್ಧಕೈದಿಗಳಿಂದ ಕಡಿಸಿದ ರಸ್ತೆ ಇದು. 1916ರ ಮಾರ್ಚ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಅವರಲ್ಲಿ ಅನೇಕರು ಸತ್ತರು. ಬದುಕುಳಿದವರು ಕಟ್ಟಿದ ಪುಟ್ಟ ಮರದ ಪ್ರಾರ್ಥನಾ ಮಂದಿರ ತಿರುವೊಂದರ ಪಕ್ಕದಲ್ಲಿದೆ. ಆಚೆ ಬದಿ ಇಳಿದರೆ ಸೋಚಾ ನದಿ. ಆ ಹಸಿರುನೀಲಿ ಬಣ್ಣ ಫೋಟೋದ ಕೈವಾಡ ಅಂದುಕೊಂಡಿದ್ದೆ, ಅಲ್ಲ. ಆಮೇಲೆ ಪ್ರೆಡಿಲ್ ಪಾಸ್ ದಾಟಿ ಇಟಲಿ, ಅಲ್ಲಿಂದ ಆಸ್ಟ್ರಿಯಾದ ಫಿಲ್ಲಾಖ್, ಲೀಂಟ್ಸ್, ಮತ್ತೆ ಇಟಲಿ. ನಾಲ್ಕೂವರೆ ಗಂಟೆ ಅಂತ ಫೋನ್ ಹೇಳಿದ ದಾರಿ ಇಡೀ ದಿನ ತಿಂದಿತು. ಬೆಟ್ಟದ ರಸ್ತೆಗೆ ಫೋನ್ ಹೇಳಿದ್ದರ ಮೇಲೆ ಅರ್ಧದಷ್ಟು ಸೇರಿಸಿ, ಊಟದ ಹೊತ್ತನ್ನು ಬೇರೆ ಲೆಕ್ಕ ಹಾಕಿ. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಅದೊಂದು ಪುಣ್ಯ.

ಡೊಬ್ಬಿಯಾಕೊ ಇರುವ ದಕ್ಷಿಣ ಟಿರೋಲ್ ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾದ ಪಾಲಾಗಿತ್ತು. ಊರಿನ ಫಲಕಗಳೆಲ್ಲ ಈಗಲೂ ಎರಡು ಭಾಷೆಯಲ್ಲಿವೆ, ಹೋಟೆಲಿನಲ್ಲಿ ಮೊದಲ ಮಾತು ಜರ್ಮನ್. ಇಟಲಿಯಲ್ಲಿ ಪೆಟ್ರೋಲ್ ಹಾಕಿಸುವಾಗ 'ಸೆಲ್ಫ್' ಅಂತ ಬರೆದ ಪಂಪ್ ನೋಡಿ. 'ಸೆರ್ವಿಟೊ' ಅಂದರೆ ಅವರು ಬಂದು ಹಾಕುತ್ತಾರೆ, ಲೀಟರಿನ ದರವೂ ಏರುತ್ತದೆ. ಯುರೋಪಿಯನ್ ಒಕ್ಕೂಟದಲ್ಲಿ ವೃತ್ತದೊಳಗೆ ಇ5, ಇ10 ಅಂತಿದ್ದರೆ ಪೆಟ್ರೋಲ್, ಚೌಕದೊಳಗೆ ಬಿ7 ಅಂತಿದ್ದರೆ ಡೀಸೆಲ್. ಹೊಸ ಕಾರಾದರೆ ಟ್ಯಾಂಕಿನ ಮುಚ್ಚಳದ ಒಳಗೂ ಅದೇ ಗುರುತಿರುತ್ತದೆ. ಟೋಲ್ ಗೇಟಿನಲ್ಲಿ ಹಳದಿ ಟೆಲಿಪಾಸ್ ಸಾಲಿಗೆ ಮಾತ್ರ ನುಗ್ಗಬೇಡಿ, ಅದು ನಮ್ಮ ಫಾಸ್ಟ್ಯಾಗ್ ತರದ ಸಾಧನ ಇದ್ದವರಿಗೆ.

ವಾಪಸ್ ಬಂದದ್ದು ಇಟಲಿ, ಆಸ್ಟ್ರಿಯಾ ನಡುವಿನ ಬ್ರೆನ್ನರ್ ಪಾಸ್ ಮೇಲೆ. ಆಸ್ಟ್ರಿಯಾ ಬದಿಯ ಎ13 ಮೋಟಾರ್‌ವೇಗೆ ಬೇರೆ ಟೋಲ್. ಅದರ ಮೇಲಿನ ಯುರೋಪಾ ಸೇತುವೆ ಕಣಿವೆಯಿಂದ 190 ಮೀಟರ್ ಎತ್ತರದಲ್ಲಿದೆ, ಓಡಿಸುವವನಿಗೆ ಅದೊಂದೂ ಕಾಣುವುದಿಲ್ಲ. ಜರ್ಮನಿ ಹೊಕ್ಕುವಲ್ಲಿ ಪೊಲೀಸರು ನಿಲ್ಲಿಸಿ ಪಾಸ್‌ಪೋರ್ಟ್ ನೋಡಿದರು. 2024ರ ಸೆಪ್ಟೆಂಬರ್‌ನಿಂದ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿದ್ದಾರೆ. ಷೆಂಗೆನ್ ದೇಶಗಳ ನಡುವೆ ಗಡಿಯಲ್ಲಿ ಯಾರೂ ಕೇಳುವುದಿಲ್ಲ ಅಂತ ಪಾಸ್‌ಪೋರ್ಟುಗಳನ್ನು ಡಿಕ್ಕಿಯ ಸೂಟ್‌ಕೇಸಿನ ತಳದಲ್ಲಿ ಇಡಬೇಡಿ.

ಕಾರು ಒಪ್ಪಿಸುವ ಮೊದಲು ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಂಡೆ, ನಾಲ್ಕೂ ಬದಿಯ ವಿಡಿಯೊ ತೆಗೆದೆ. ಠೇವಣಿ ಕೆಲವು ದಿನದಲ್ಲಿ ಬಿಡುಗಡೆಯಾಯಿತು. ಇಟಲಿಯ ಹಳೇ ಪಟ್ಟಣಗಳ ನಡುವೆ ಹೊರಗಿನ ಕಾರುಗಳಿಗೆ ನಿಷೇಧವಿರುವ 'ಝಡ್‌ಟಿಎಲ್' ವಲಯಗಳಿವೆ, ಕ್ಯಾಮೆರಾ ಹಿಡಿಯುತ್ತದೆ. ಹೊರದೇಶದವರಿಗೆ ದಂಡದ ನೋಟಿಸ್ ಕಳಿಸಲು ಅಲ್ಲಿನ ಕಾನೂನು 360 ದಿನ ಕೊಡುತ್ತದೆ. ನಾವು ಊರೊಳಗೆ ಹೋಗದೆ ಹೊರಗೇ ಕಾರು ನಿಲ್ಲಿಸಿ ನಡೆದವರು. ಆದರೂ ಬಾಡಿಗೆ ಕರಾರು ಮತ್ತು ರಸೀದಿಗಳ ಫೈಲನ್ನು ವರ್ಷ ತುಂಬುವವರೆಗೆ ಬೀರುವಿನಲ್ಲಿ ಇಟ್ಟಿರುತ್ತೇನೆ.