“ತೊಂದರೆ ಇಲ್ಲ” ಎಂದವರ ಮೊಣಗಂಟು

ಆಪರೇಶನ್ ಮಂಗಳೂರಿನಲ್ಲಿ, ಮನೆ ಗಡಿಯ ಈಚೆ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ಯಾವುದೋ ಅಡಿಕೆ ತೋಟದ ಒಳಗೆ. ನನ್ನ ಹೆಚ್ಚಿನ ಪೇಶಂಟುಗಳ ಕತೆ ಇಷ್ಟೇ. ಮೊಣಗಂಟು ಬದಲಿಸಿ, ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಊರಿಗೆ ಬಂದವರನ್ನು ನಡೆಸುವುದು ಫಿಸಿಯೋ ಆದ ನನ್ನ ಕೆಲಸ. 2020ರ ಮಾರ್ಚ್‌ವರೆಗೆ ಬೈಕಿನಲ್ಲಿ ಮನೆಮನೆಗೆ ಹೋಗುತ್ತಿದ್ದೆ. ಆ ತಿಂಗಳ ಕೊನೆಗೆ ತಲಪಾಡಿ ಗಡಿ ಮುಚ್ಚಿತು, ಕರ್ನಾಟಕಕ್ಕೆ ಹೋಗುವ ಒಳದಾರಿಗಳಿಗೂ ಮಣ್ಣು ಬಿತ್ತು. ಹೊಲಿಗೆಯ ಪಿನ್ನು ಕೂಡ ತೆಗೆಸದ ಮೂವರು ಆಗ ನನ್ನ ಪಟ್ಟಿಯಲ್ಲಿದ್ದರು. ಪಿನ್ನನ್ನು ಇಲ್ಲಿಯ ಆರೋಗ್ಯ ಕೇಂದ್ರದ ಸಿಸ್ಟರ್ ತೆಗೆದುಕೊಟ್ಟರು. ಉಳಿದದ್ದನ್ನೆಲ್ಲ ಫೋನಿನಲ್ಲೇ ಮಾಡಬೇಕಾಯಿತು.

ಸುರುವಿಗೆ ನಾನು ಮಾಡಿದ್ದು ದಿನಾ ಸಂಜೆ ಫೋನು ಮಾಡಿ “ಹೇಗಿದ್ದೀರಿ?” ಎಂದು ಕೇಳಿದ್ದು. ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಒಂದೇ. ತುಳುವಿನವರಾದರೆ “ದಾಲ ತೊಂದರೆ ಇಜ್ಜಿ”, ಹವ್ಯಕರಾದರೆ “ಎಂತ ತೊಂದರೆ ಇಲ್ಲೆ”. ಹೆಚ್ಚು ಹೇಳಿದರೆ ಪುನಃ ಆಸ್ಪತ್ರೆಗೆ ಹೋಗಲು ಹೇಳಿಯಾರು ಎಂಬ ಹೆದರಿಕೆ ಬೇರೆ.

ಪೈವಳಿಕೆ ಕಡೆಯ ಒಬ್ಬರು ಅತ್ತೆ ಮೂರು ವಾರ ನನಗೆ ಇದನ್ನೇ ಹೇಳಿದರು. ನಾನೂ ನಂಬಿದೆ. ನಾಲ್ಕನೆಯ ವಾರ ಮೊಮ್ಮಗ ವಿಡಿಯೋ ಕಾಲ್ ಮಾಡಿ, ಅಜ್ಜಿಯ ಮುಖ ತೋರಿಸುತ್ತ ತೋರಿಸುತ್ತ ಫೋನನ್ನು ಕಾಲಿನ ಕಡೆ ತಿರುಗಿಸಿದ. ಮೊಣಗಂಟಿನ ಅಡಿಯಲ್ಲಿ ಒಂದು ದಪ್ಪ ಬೂರುಗದ ಹತ್ತಿಯ ತಲೆದಿಂಬು. ರಾತ್ರಿ ಹಗಲು ಅದು ಅಲ್ಲೇ. ಕಾಲು ಸ್ವಲ್ಪ ಮಡಚಿ ಇಟ್ಟರೆ ನೋವು ಕಮ್ಮಿ, ಹಾಗಾಗಿ ಅವರು ಹೇಳಿದ “ತೊಂದರೆ ಇಲ್ಲ” ಸುಳ್ಳೂ ಅಲ್ಲ. ಆದರೆ ಗಂಟು ಆ ಮಡಚಿದ ಭಂಗಿಗೇ ಒಗ್ಗಿಹೋಗಿತ್ತು. ದಿಂಬು ತೆಗೆಸಿ ನೋಡಿದರೆ ನೆಟ್ಟಗಾಗಲು ಇನ್ನೂ 15 ಡಿಗ್ರಿಯಷ್ಟು ಬಾಕಿ. ಹೊಸ ಗಂಟು ಮಡಚುವುದು ಆಮೇಲಾದರೂ ಬಂದೀತು, ನೆಟ್ಟಗಾಗುವುದನ್ನು ಮೊದಲ ವಾರಗಳಲ್ಲೇ ಹಿಡಿಯಬೇಕು. ಇಲ್ಲದಿದ್ದರೆ ಕುಂಟುವುದು ಹೋಗುವುದಿಲ್ಲ. ದಿಂಬು ಇಡುವುದಾದರೆ ಹಿಮ್ಮಡಿಯ ಅಡಿಗೆ, ಗಂಟು ಕೆಳಗೆ ಜೋತುಬೀಳುವ ಹಾಗೆ. ಈ ಒಂದು ಮಾತನ್ನು ಮೊದಲ ದಿನವೇ ಹೇಳಿ, ಮಾಡಿಸಿ, ನೋಡಿದ್ದರೆ ಅತ್ತೆಗೆ ಎರಡು ತಿಂಗಳ ಹೆಚ್ಚಿನ ನೋವು ತಪ್ಪುತ್ತಿತ್ತು. ತಪ್ಪು ನನ್ನದು.

ಅಲ್ಲಿಂದ ಮತ್ತೆ ಕೇಳುವುದು ಬಿಟ್ಟೆ. “ತೋರಿಸಿ” ಅನ್ನುತ್ತೇನೆ.

ಪೇಶಂಟು ಕುರ್ಚಿಯಲ್ಲಿ ಕೂರಬೇಕು, ಪಂಚೆಯೋ ಸೀರೆಯೋ ಗಂಟು ಕಾಣುವ ಹಾಗೆ ಮೇಲೆ ಸರಿದಿರಬೇಕು. ಫೋನನ್ನು ಒಂದು ಬದಿಯಲ್ಲಿ, ಕವುಚಿಟ್ಟ ಕೊಡಪಾನದ ಮೇಲೆ, ಸರಿಯಾಗಿ ಗಂಟಿನ ಎತ್ತರಕ್ಕೆ ನಿಲ್ಲಿಸಬೇಕು. ಪಾದವನ್ನು ಆದಷ್ಟು ಹಿಂದಕ್ಕೆ ಎಳೆದಾಗ ನಾನು ಸ್ಕ್ರೀನ್‌ಶಾಟ್ ತೆಗೆದು, ಅದರ ಮೇಲೆ ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಇಡುತ್ತೇನೆ. ನಗಬೇಡಿ, ಕೆಲಸಕ್ಕಾಗುತ್ತದೆ. ನೆಟ್ಟಗಿನ ಕಾಲು ಸೊನ್ನೆ ಎಂದು ಲೆಕ್ಕ; ಮಡಚುವುದು ಎರಡು ವಾರಕ್ಕೆ 90 ಡಿಗ್ರಿಯ ಹತ್ತಿರ, ಆರು ವಾರಕ್ಕೆ 110ರ ಆಸುಪಾಸು ಬಂದರೆ ನನಗೆ ಸಮಾಧಾನ. ಫೋನು ಓರೆಯಾದರೆ ಹತ್ತು ಡಿಗ್ರಿ ಆಚೀಚೆ ಆಗುತ್ತದೆ. ಅದಕ್ಕೇ ಇನ್ನೊಂದು ಅಳತೆಯೂ ಉಂಟು: ಕುರ್ಚಿಯ ಬೆನ್ನನ್ನು ಗೋಡೆಗೆ ತಾಗಿಸಿಟ್ಟು, ಕಾಲಿನ ಹೆಬ್ಬೆರಳು ಎಲ್ಲಿ ನಿಂತಿತೋ ಅಲ್ಲಿ ನೆಲಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ. ನಾಳೆಯ ಗೆರೆ ಇವತ್ತಿನದಕ್ಕಿಂತ ಹಿಂದೆ ಬೀಳಬೇಕು. ಡಿಗ್ರಿ ಅಂದರೆ ತಲೆಯಾಡಿಸುವವರು ಈ ಗೆರೆಗಾಗಿ ಹಟ ಹಿಡಿಯುತ್ತಾರೆ. ಗುಡಿಸುವಾಗ ಗೆರೆ ಅಳಿಸಿದಳೆಂದು ಸೊಸೆಗೆ ಬೈದವರೂ ಇದ್ದಾರೆ.

ವ್ಯಾಯಾಮದ ಹಾಳೆ ಆಸ್ಪತ್ರೆಯಿಂದ ಬರುವುದು ಇಂಗ್ಲಿಷಿನಲ್ಲಿ, ನಮ್ಮ ಜಿಲ್ಲೆಯಲ್ಲಿ ಸಿಗುವ ಕರಪತ್ರಗಳು ಹೆಚ್ಚಾಗಿ ಮಲಯಾಳದಲ್ಲಿ. ಎಪ್ಪತ್ತು ದಾಟಿದ ಕನ್ನಡದವರಿಗೆ ಎರಡೂ ಒಂದೇ. ನಾನು ವಾಯ್ಸ್ ಮೆಸೇಜ್ ಕಳಿಸುತ್ತೇನೆ: ಪಾದ ಮೇಲೆ ಕೆಳಗೆ ಆಡಿಸಿ, ತೊಡೆ ಬಿಗಿ ಹಿಡಿಯಿರಿ, ಹಿಮ್ಮಡಿ ಎಳೆಯಿರಿ, ಕಾಲು ನೆಟ್ಟಗೆ ಎತ್ತಿ. ನೋವಿನ ಮಾತ್ರೆ ತಿಂದು ಅರ್ಧ ಗಂಟೆ ಬಿಟ್ಟು ಸುರು ಮಾಡಿ. ಹತ್ತು ಎಣಿಸುವವರೆಗೆ ಬಿಗಿ ಹಿಡಿಯಿರಿ ಅಂದರೆ ಒಂಜಿರಡ್ಡ್‌ಮೂಜಿ ಎಂದು ಒಂದೇ ಉಸಿರಿಗೆ ಮುಗಿಸುತ್ತಾರೆ, ಹಾಗಾಗಿ ಎಣಿಸುವುದನ್ನೂ ನಾನೇ ರೆಕಾರ್ಡ್ ಮಾಡಿ ಕಳಿಸಿದ್ದೇನೆ.

ತೋಟದ ತಗ್ಗಿನ ಮನೆಗಳಲ್ಲಿ ರೇಂಜ್ ಇಲ್ಲ, ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಕರೆಂಟೂ ಇಲ್ಲ. ಬೆಳಿಗ್ಗೆ ವಿಡಿಯೋ ತೆಗೆದಿಟ್ಟು, ಯಾರಾದರೂ ಗುಡ್ಡೆ ಹತ್ತಿ ರಬ್ಬರ್ ಹಾಲು ತೆಗೆಯಲು ಹೋದಾಗ ಕಳಿಸಿದರೆ ಸಾಕು.

ನನಗೆ ನಿದ್ದೆ ಕೆಡಿಸುವುದು ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವುದು. ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಫೋನಿನಲ್ಲಿ ಮುಟ್ಟಿ ನೋಡಲಿಕ್ಕಾಗುವುದಿಲ್ಲವಲ್ಲ, ಅದಕ್ಕೆ ಬಾಳೆನಾರು ಹಿಡಿದೆ. ಮೀನಖಂಡ ದಪ್ಪ ಇರುವಲ್ಲಿ ಪೆನ್ನಿನ ಗುರುತು, ಅಲ್ಲಿ ನಾರು ಸುತ್ತಿ ತುದಿ ಕೂಡುವಲ್ಲಿ ನಾರಿಗೆ ಗುರುತಿನ ಒಂದು ಗಂಟು. ಮರುದಿನ ಅದೇ ನಾರು. ಆಪರೇಶನ್ ಆದ ಕಾಲು ಸ್ವಲ್ಪ ಬಾತಿರುವುದು ಸಹಜ, ನಿನ್ನೆಗಿಂತ ಇವತ್ತು ಎಷ್ಟು ಎಂಬುದನ್ನು ನೋಡಬೇಕು. ಒಮ್ಮೆ ಹನ್ನೊಂದನೆಯ ದಿನ ಒಂದು ಮನೆಯಲ್ಲಿ ನಾರಿನ ತುದಿಗೂ ಆ ಗುರುತಿಗೂ ನಡುವೆ ಎರಡು ಬೆರಳು ಜಾಗ ಬಿತ್ತು, ಮೀನಖಂಡ ಒತ್ತಿದರೆ ನೋವು. ಕೂಡಲೇ ಪೇಟೆಗೆ ಕಳಿಸಿದೆ. ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನಿನಲ್ಲಿ ಎಂತದೂ ಇಲ್ಲ. ಜೀಪಿನ ಬಾಡಿಗೆ, ಒಂದು ದಿನದ ಕೆಲಸ ಎರಡೂ ಹೋಯಿತೆಂದು ಮಗನಿಗೆ ಸಿಟ್ಟು ಬಂತು. ನಾಳೆ ಮತ್ತೊಬ್ಬರಿಗೆ ಹಾಗೆಯೇ ಆದರೆ ಮತ್ತೂ ಕಳಿಸುತ್ತೇನೆ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನನಗೆ ಫೋನೇ ಬೇಡ, ಸೀದಾ ಗಾಡಿ ಹತ್ತಿ ಎಂದು ಮೊದಲೇ ಹೇಳಿಟ್ಟಿರುತ್ತೇನೆ.

ಹೊಲಿಗೆಯ ಫೋಟೋವನ್ನು ಮಾತ್ರ ನಾನು ನಂಬುವುದಿಲ್ಲ. ಹಳದಿ ಬಲ್ಬಿನ ಬೆಳಕಿನಲ್ಲಿ ಎಲ್ಲವೂ ಕೆಂಪು. ಗಂಟು ಕೆಲವು ತಿಂಗಳು ಬಿಸಿ ಇರುತ್ತದೆ, ಹೊಲಿಗೆಯ ಗೆರೆಯ ಹೊರಬದಿ ಮರಗಟ್ಟಿದ ಹಾಗಿರುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ನೀರು ಒಸರಿದರೆ, ಜ್ವರ ಬಂದರೆ ಆಪರೇಶನ್ ಮಾಡಿದ ಡಾಕ್ಟ್ರೇ ನೋಡಬೇಕು.

ಮೊನ್ನೆ ಏಳನೆಯ ವಾರದ ಒಬ್ಬರು ಮಾವ ನಡೆಯುವ ವಿಡಿಯೋ ಕಳಿಸಿದರು. ನಡೆ ಚಂದ ಉಂಟು. ಆದರೆ ಹಿಂದೆ ಕಾಣುವುದು ಅಂಗಳ ಅಲ್ಲ, ಅಡಿಕೆ ಮರ. ತೋಟಕ್ಕೆ ಇಳಿದಿದ್ದಾರೆ! ಪುನಃ ಹಾಕಿ ನೋಡಿದೆ, ಕೊನೆಯ ಎರಡು ಪಾವಟಿಗೆ ಇಳಿಯುವಾಗ ಒಳ್ಳೆ ಕಾಲೇ ಮುಂದೆ. ಹತ್ತುವಾಗ ಒಳ್ಳೆ ಕಾಲು, ಇಳಿಯುವಾಗ ಆಪರೇಶನ್ ಆದ ಕಾಲು ಎಂದು ಎಷ್ಟು ಸಲ ಹೇಳಿದ್ದೆನೋ. ಫೋನು ಮಾಡಿದೆ.

“ತೊಂದರೆ ಇಲ್ಲ ಮಾರಾಯ,” ಎಂದರು.

“ಮಾವ, ಇನ್ನೊಮ್ಮೆ ಇಳಿದು ತೋರಿಸಿ.”

ಸಂಜೆ ಎರಡನೆಯ ವಿಡಿಯೋ ಬಂತು. ಈ ಸಲ ಸರಿಯಾದ ಕಾಲು ಮುಂದೆ, ಒಂದು ಕೈ ಬದಿಯ ಕಟ್ಟಪುಣಿಯ (ಮಣ್ಣಿನ ಬದುವಿನ) ಮೇಲೆ. ಇನ್ನೊಂದು ಕೈಯಲ್ಲಿ ಹೆಕ್ಕಿದ ಅಡಿಕೆಯ ಬುಟ್ಟಿ.